ಗೆಳೆಯನ ಕಿವಿ ಮೊದಲು, ಡಾಕ್ಟರ ಚೀಟಿ ಆಮೇಲೆ

ಕಾಲೇಜು ಓದುವ ಮಗನೋ ಮಗಳೋ ನಿಮ್ಮ ಮನೆಯಲ್ಲಿದ್ದರೆ ನಿಮಗೊಂದು ಪ್ರಶ್ನೆ. ಮನಸ್ಸಿಗೆ ತಡೆಯಲಾರದಷ್ಟು ಬೇಸರವಾದಾಗ, ರಾತ್ರಿಯೆಲ್ಲ ನಿದ್ದೆ ಹತ್ತದೆ ಹೊರಳಾಡಿದಾಗ, ‘ಯಾಕಾದರೂ ಬದುಕಿದ್ದೇನೋ’ ಎನ್ನಿಸಿದಾಗ ಅವರು ಮೊದಲು ಯಾರಿಗೆ ಹೇಳುತ್ತಾರೆ? ‘ನಮಗೇ ಹೇಳ್ತಾರೆ, ಇನ್ಯಾರಿಗೆ ಹೇಳ್ತಾರೆ ಡಾಕ್ಟ್ರೇ’ ಎನ್ನುವ ತಂದೆ ತಾಯಿಗಳನ್ನು ನಾನು ದಿನವೂ ನೋಡುತ್ತೇನೆ. ಅವರ ಮಕ್ಕಳನ್ನೂ ನೋಡುತ್ತೇನೆ. ನಿಜ ಬೇರೆಯೇ ಇದೆ. ಹದಿನೆಂಟರಿಂದ ಇಪ್ಪತ್ತೆರಡರ ವಯಸ್ಸಿನಲ್ಲಿ ಸಂಕಟದ ಮಾತು ಮೊದಲು ತಲುಪುವುದು ಗೆಳೆಯನ ಕಿವಿಗೆ. ರೂಮ್‌ಮೇಟಿಗೆ, ಬಸ್ಸಿನಲ್ಲಿ ಪಕ್ಕ ಕೂರುವವಳಿಗೆ, ಹಾಸ್ಟೆಲಿನ ಸೀನಿಯರಿಗೆ. ಅಪ್ಪ ಅಮ್ಮನಿಗೆ ತಿಳಿಯುವುದು ಎಷ್ಟೋ ದಿನಗಳ ನಂತರ. ಕೆಲವೊಮ್ಮೆ ತೀರ ತಡವಾಗಿ.

ಆ ಕಿವಿಗೆ ತರಬೇತಿ ಕೊಡಬೇಕು ಎಂಬುದು ಈ ವಾರದ ನನ್ನ ವಾದ. ಸಹಪಾಠಿಯ ಕಷ್ಟವನ್ನು ಸಮಾಧಾನದಿಂದ ಕೇಳಿಸಿಕೊಳ್ಳಬಲ್ಲ, ಅಪಾಯವಿದ್ದರೆ ಗುರುತಿಸಬಲ್ಲ, ಸರಿಯಾದ ಜಾಗಕ್ಕೆ ಕೈಹಿಡಿದು ಕರೆದೊಯ್ಯಬಲ್ಲ ಕೆಲವು ವಿದ್ಯಾರ್ಥಿಗಳು ಪ್ರತಿ ಕಾಲೇಜಿನಲ್ಲೂ ಪ್ರತಿ ಹಾಸ್ಟೆಲಿನಲ್ಲೂ ಇರಬೇಕು. ಇದಕ್ಕೆ ಇಂಗ್ಲಿಷಿನಲ್ಲಿ ‘ಪೀರ್ ಸಪೋರ್ಟ್’ ಎನ್ನುತ್ತಾರೆ. ನಾವು ‘ಸಹಪಾಠಿ ನೆರವು’ ಎಂದುಕೊಳ್ಳೋಣ.

ನಾನು ಮನೋವೈದ್ಯನಲ್ಲ, ಎಂ.ಬಿ.ಬಿ.ಎಸ್. ಮಾಡಿ ಕಾಲೇಜುಗಳಿರುವ ರಸ್ತೆಯಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವ ಸಾಮಾನ್ಯ ವೈದ್ಯ. ಇಂಟರ್ನಲ್ಸ್ ಹತ್ತಿರವಾದಂತೆ, ಫಲಿತಾಂಶ ಬಂದ ವಾರದಲ್ಲಿ, ಅಟೆಂಡೆನ್ಸ್ ಸಾಲದವರ ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದ ದಿನ ನನ್ನಲ್ಲಿ ಹುಡುಗ ಹುಡುಗಿಯರ ಸಂಖ್ಯೆ ಏರುತ್ತದೆ. ಯಾರೂ ‘ಮನಸ್ಸು ಸರಿಯಿಲ್ಲ’ ಎಂದು ಬರುವುದಿಲ್ಲ. ತಲೆನೋವು, ಎದೆಬಡಿತ, ಗ್ಯಾಸ್ಟ್ರಿಕ್, ಕೈಕಾಲು ಸೋಲು ಎಂದು ಬರುತ್ತಾರೆ. ಬಿ.ಪಿ. ಸರಿ, ಇ.ಸಿ.ಜಿ. ಸರಿ. ‘ಒಂದು ಟಾನಿಕ್ ಬರ್ಕೊಡಿ ಸರ್’ ಎನ್ನುತ್ತಾರೆ. ಇಂಥ ಹೊತ್ತಿನಲ್ಲಿ ನಾನು ಜೊತೆಗೆ ಬಂದವನ ಕಡೆ ತಿರುಗುತ್ತೇನೆ. ಹೆಚ್ಚಾಗಿ ಒಬ್ಬ ಗೆಳೆಯ ಬಾಗಿಲ ಬಳಿ ನಿಂತಿರುತ್ತಾನೆ. ರೋಗಿಯ ಒಪ್ಪಿಗೆ ಕೇಳಿ ಅವನನ್ನು ಕೂರಿಸಿಕೊಂಡರೆ ಒಂದು ಮಾತು ಹೊರಬೀಳುತ್ತದೆ: ‘ಸರ್, ಇವನು ಒಂದು ವಾರದಿಂದ ಮೆಸ್ಸಿಗೇ ಬಂದಿಲ್ಲ. ಕ್ಲಾಸಿಗೂ ಇಲ್ಲ. ಮೊನ್ನೆ ತನ್ನ ಕ್ಯಾಲ್ಕುಲೇಟರು, ಪುಸ್ತಕ ಎಲ್ಲ ಜೂನಿಯರಿಗೆ ಕೊಟ್ಟುಬಿಟ್ಟ.’ ಯಾವ ರಕ್ತಪರೀಕ್ಷೆಯೂ ನನಗೆ ಕೊಡಲಾರದ ಮಾಹಿತಿ ಅದು. ಆದರೆ ಆ ಗೆಳೆಯನಿಗೆ ತಾನು ಕಂಡದ್ದರ ಅರ್ಥ ಗೊತ್ತಿರುವುದಿಲ್ಲ. ಬೇಕಾದ ವಸ್ತುಗಳನ್ನು ಹಂಚಿಬಿಡುವುದು ಅಪಾಯದ ಸೂಚನೆಯಿರಬಹುದು ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ವಿಷಯ ಎಷ್ಟು ಗಂಭೀರ ಎಂಬುದಕ್ಕೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಒಂದು ಅಂಕಿ ಸಾಕು. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ದಿನಕ್ಕೆ ಸರಾಸರಿ 35ಕ್ಕೂ ಹೆಚ್ಚು ಮಕ್ಕಳು. ಇವು ಪೊಲೀಸ್ ಠಾಣೆಯಲ್ಲಿ ದಾಖಲಾದವು ಮಾತ್ರ. ಇನ್ನು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮಾನಸಿಕ ಕಾಯಿಲೆ ಇರುವವರಲ್ಲಿ ಶೇಕಡಾ 70ರಿಂದ 92ರಷ್ಟು ಮಂದಿಗೆ, ಕಾಯಿಲೆಗೆ ತಕ್ಕಂತೆ, ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮನೋವೈದ್ಯರ ಸಂಖ್ಯೆ ಒಂದು ಲಕ್ಷ ಜನಕ್ಕೆ ಒಬ್ಬರಂತೆಯೂ ಇಲ್ಲದ ದೇಶದಲ್ಲಿ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೌನ್ಸೆಲರ್ ಇದ್ದರೆ ಸಾಲದೆ?

ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಶಿಕ್ಷಣ ಸಂಸ್ಥೆಗಳಿಗೆ 15 ಮಾರ್ಗಸೂಚಿಗಳನ್ನು ಕೊಟ್ಟಿತು. ನೂರು ಮತ್ತು ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಅರ್ಹ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ನೇಮಿಸಬೇಕು; ಬೋಧಕ, ಬೋಧಕೇತರ ಸಿಬ್ಬಂದಿಗೆಲ್ಲ ವರ್ಷಕ್ಕೆ ಎರಡು ಸಲವಾದರೂ ತರಬೇತಿಯಾಗಬೇಕು; ಸಹಾಯವಾಣಿಯ ಸಂಖ್ಯೆಯನ್ನು ಹಾಸ್ಟೆಲಿನಲ್ಲಿ, ತರಗತಿಯಲ್ಲಿ ಎದ್ದು ಕಾಣುವಂತೆ ಹಾಕಬೇಕು. ಇದೆಲ್ಲ ಆಗಲೇಬೇಕಾದ ಕೆಲಸ. ನಿಮ್ಮ ಮಗಳ ಕಾಲೇಜಿನಲ್ಲಿ ಆಗಿದೆಯೇ ಎಂದು ಪೋಷಕರ ಸಭೆಯಲ್ಲಿ ದಯವಿಟ್ಟು ಕೇಳಿ.

ಆದರೆ ಕೌನ್ಸೆಲರ್ ಕೂರುವ ಕೋಣೆ ಎಲ್ಲಿರುತ್ತದೆ ಎಂಬುದನ್ನೂ ನೋಡಿ. ಬಹಳ ಕಡೆ ಅದು ಪ್ರಾಂಶುಪಾಲರ ಕೊಠಡಿಯ ಪಕ್ಕದಲ್ಲಿ, ಫೀಸು ಕಟ್ಟುವ ಸಾಲಿನ ಎದುರಿಗೆ. ಅಲ್ಲಿಗೆ ಹೋದ ಹುಡುಗನನ್ನು ಅರ್ಧ ಕಾಲೇಜು ನೋಡುತ್ತದೆ. ‘ಮೆಂಟಲ್’ ಎಂಬ ಅಡ್ಡಹೆಸರು ಸಂಜೆಯೊಳಗೆ ಅಂಟುತ್ತದೆ. ಕೋಣೆ ತೆರೆದಿರುವುದೂ ಹತ್ತರಿಂದ ಐದು. ಹುಡುಗರ ಸಂಕಟಕ್ಕೆ ಆಫೀಸು ಸಮಯ ಗೊತ್ತಿಲ್ಲ. ಅದು ಬರುವುದು ರಾತ್ರಿ ಹನ್ನೊಂದರ ಮೇಲೆ, ದೀಪವಾರಿಸಿದ ನಂತರ. ಆ ಹೊತ್ತಿಗೆ ಪಕ್ಕದ ಮಂಚದಲ್ಲಿರುವವನು ಗೆಳೆಯ ಮಾತ್ರ. ಬ್ರಿಟನ್ನಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1970ರಲ್ಲೇ ವಿದ್ಯಾರ್ಥಿಗಳು ‘ನೈಟ್‌ಲೈನ್’ ಎಂಬ ಏರ್ಪಾಡು ಶುರುಮಾಡಿದ್ದು ಇದೇ ಕಾರಣಕ್ಕೆ. ರಾತ್ರಿ ಹೊತ್ತು ವಿದ್ಯಾರ್ಥಿಗಳ ಕಷ್ಟಕ್ಕೆ ವಿದ್ಯಾರ್ಥಿಗಳೇ ಕಿವಿಗೊಡುವ ಸೇವೆ ಅದು. ಮುಂದೆ ಅಲ್ಲಿನ ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೂ ಹಬ್ಬಿತು.

ಭಾಷೆಯ ವಿಷಯವನ್ನೂ ಮರೆಯಬಾರದು. ಕನ್ನಡ ಮಾಧ್ಯಮದಲ್ಲಿ ಓದಿ, ಹಳ್ಳಿಯಿಂದ ಬಂದು, ಎಂಜಿನಿಯರಿಂಗ್ ಮೊದಲ ಸೆಮಿಸ್ಟರಿನಲ್ಲಿ ಕೂತ ಹುಡುಗನಿಗೆ ಪಾಠವೇ ಅರ್ಥವಾಗುತ್ತಿರುವುದಿಲ್ಲ. ಊರಿನಲ್ಲಿ ಅವನು ಶಾಲೆಗೆ ಮೊದಲಿಗ. ಇಲ್ಲಿ ನಾಲ್ಕು ವಿಷಯ ಬ್ಯಾಕ್‌ಲಾಗ್. ಅಪ್ಪ ಜಮೀನಿನ ಮೇಲೆ ಸಾಲ ತೆಗೆದು ಫೀಸು ಕಟ್ಟಿದ್ದಾರೆ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಮಾತಾಡುವ ಕೌನ್ಸೆಲರ್ ಮುಂದೆ ಅವನು ಹೇಗೆ ಬಿಡಿಸಿ ಹೇಳಿಯಾನು? ಅದೇ ದಾರಿಯಲ್ಲಿ ನಡೆದು ಮೂರನೇ ವರ್ಷಕ್ಕೆ ಬಂದ ಸೀನಿಯರ್ ‘ಲೋ, ನಂಗೂ ಫಸ್ಟ್ ಸೆಮ್ಮಲ್ಲಿ ಮೂರು ಹೋಗಿತ್ತು ಕಣೋ, ಬಾ ಕೂತ್ಕೋ’ ಎಂದರೆ ಅದರ ತೂಕವೇ ಬೇರೆ. ಆ ಒಂದು ಮಾತನ್ನು ನಾನು ಹೇಳಲಾರೆ. ಮನೋವೈದ್ಯರೂ ಹೇಳಲಾರರು.

ತಜ್ಞರಲ್ಲದವರು ಮಾಡಬಲ್ಲರೇ?

ಓದದ ಕೈಗೆ ಮನಸ್ಸಿನ ವಿಷಯ ಕೊಡಬಹುದೇ ಎಂದು ಕೆಲವು ವೈದ್ಯಮಿತ್ರರು ಆಕ್ಷೇಪಿಸುತ್ತಾರೆ. ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. 1980ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಕಲಿಸಿತು. ಅವರಾರೂ ತಜ್ಞರಲ್ಲ. ಆ ‘ಬಳ್ಳಾರಿ ಮಾದರಿ’ಯನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆಮೇಲೆ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ‘ಯುವ ಸ್ಪಂದನ’ ಎಂಬ ಕಾರ್ಯಕ್ರಮ ತಂದಿತು. ಯುವಕ ಯುವತಿಯರಿಗೇ ತರಬೇತಿ ಕೊಟ್ಟು ‘ಯುವ ಪರಿವರ್ತಕ’ರೆಂದು ಹೆಸರಿಟ್ಟು, ಯುವಜನರ ಕಷ್ಟಕ್ಕೆ ಯುವಜನರನ್ನೇ ನಿಲ್ಲಿಸಿದ ಕಾರ್ಯಕ್ರಮ ಅದು.

ಲಂಡನ್ನಿನ ಒಂದು ಉದಾಹರಣೆ ನನಗೆ ಬಹಳ ಇಷ್ಟ. 1953ರಲ್ಲಿ ಚಾಡ್ ವಾರಾ ಎಂಬ ಪಾದ್ರಿ, ಸಾಯಬೇಕೆನ್ನಿಸಿದವರು ಬಂದು ಮಾತಾಡಲಿ ಎಂದು ತಮ್ಮ ಚರ್ಚಿನಲ್ಲಿ ಏರ್ಪಾಡು ಮಾಡಿದರು. ಜನ ಬಹಳವಾಗಿ ಬಂದರು. ಕಾಯುವವರಿಗೆ ಚಹಾ ಕೊಟ್ಟು ಜೊತೆಗೆ ಕೂರಲು ಕೆಲವು ಸಾಮಾನ್ಯ ಜನ ಸ್ವಯಂಸೇವಕರಾಗಿ ನಿಂತರು. ಸ್ವಲ್ಪ ದಿನದಲ್ಲೇ ಪಾದ್ರಿಗೆ ಒಂದು ಸಂಗತಿ ಗಮನಕ್ಕೆ ಬಂತು. ಚಹಾ ಕೊಟ್ಟವರ ಜೊತೆ ಮಾತಾಡಿ ಹಗುರಾದ ಎಷ್ಟೋ ಮಂದಿಗೆ ತಮ್ಮನ್ನು ಕಾಣುವ ಅಗತ್ಯವೇ ಉಳಿಯುತ್ತಿರಲಿಲ್ಲ! ‘ಸಮಾರಿಟನ್ಸ್’ ಎಂಬ ಹೆಸರಾಂತ ಸೇವೆ ಬೆಳೆದದ್ದು ಹೀಗೆ.

ಅಧ್ಯಯನಗಳೂ ಇವೆ. ಯುರೋಪಿನ 10 ದೇಶಗಳ 168 ಶಾಲೆಗಳಲ್ಲಿ 11,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ 2015ರಲ್ಲಿ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ ಬಂತು. ಒಂದು ಗುಂಪಿನಲ್ಲಿ ಅಪಾಯದ ಸೂಚನೆ ಗುರುತಿಸಲು ಶಿಕ್ಷಕರಿಗೆ ಕಲಿಸಿದರು. ಇನ್ನೊಂದರಲ್ಲಿ ಮಕ್ಕಳಿಗೇ, ಮಾತು ಮತ್ತು ಪಾತ್ರಾಭಿನಯದ ಮೂಲಕ, ತಮ್ಮ ಮತ್ತು ಗೆಳೆಯರ ಮನಸ್ಸಿನ ಬಗ್ಗೆ ತಿಳಿಸಿದರು. ವರ್ಷದ ನಂತರ ನೋಡಿದರೆ, ಮಕ್ಕಳಿಗೇ ಕಲಿಸಿದ ಶಾಲೆಗಳಲ್ಲಿ ಆತ್ಮಹತ್ಯಾ ಪ್ರಯತ್ನಗಳು ಸುಮಾರು ಅರ್ಧದಷ್ಟಾಗಿದ್ದವು. ಶಿಕ್ಷಕರಿಗೆ ಕಲಿಸಿದ ಕಡೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ಬಿಹಾರದ ನಳಂದಾ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದ ಕತೆಯೂ ಹೆಚ್ಚು ಕಡಿಮೆ ಇದೇ. ತರಬೇತಿ ಪಡೆದ ಸಾಮಾನ್ಯ ವ್ಯಕ್ತಿಯನ್ನು ‘ಮಿತ್ರ’ ಎಂದು ಶಾಲೆಗೆ ಕಳಿಸಿದಾಗ ಶಾಲೆಯ ವಾತಾವರಣ ಸುಧಾರಿಸಿತು, ಮಕ್ಕಳ ಖಿನ್ನತೆ ಇಳಿಯಿತು. ಅದೇ ಕೆಲಸವನ್ನು ಮೇಷ್ಟ್ರಿಗೆ ವಹಿಸಿದಾಗ ಪ್ರಯೋಜನವಾಗಲಿಲ್ಲ. ಮೇಷ್ಟ್ರು ಕೆಟ್ಟವರೆಂದಲ್ಲ. ಅಂಕ ಹಾಕುವ ಕೈಗೆ ಯಾರೂ ತಮ್ಮ ಗುಟ್ಟು ಕೊಡುವುದಿಲ್ಲ. ಇವು ಶಾಲೆಯ ಪ್ರಯೋಗಗಳು, ಕಾಲೇಜಿನವಲ್ಲ ಎಂಬುದು ನಿಜ. ಆದರೂ ದಾರಿ ಯಾವ ಕಡೆಗಿದೆ ಎಂದು ತೋರಿಸಲು ಸಾಕು.

ಏನು ಕಲಿಸಬೇಕು?

ಕಲಿಸಬೇಕಾದ್ದು ಬಹಳವಿಲ್ಲ, ಆದರೆ ಸುಲಭವೂ ಅಲ್ಲ. ಮೊದಲನೆಯದು ಬಾಯಿ ಮುಚ್ಚಿಕೊಂಡು ಕೇಳುವುದು. ನಮ್ಮ ಜನಕ್ಕೆ ಇದು ತುಂಬ ಕಷ್ಟ. ಯಾರಾದರೂ ‘ಬೇಜಾರು’ ಎಂದ ಕೂಡಲೇ ‘ಬೆಳಿಗ್ಗೆ ಬೇಗ ಏಳು, ಯೋಗ ಮಾಡು, ದೇವಸ್ಥಾನಕ್ಕೆ ಹೋಗು’ ಎಂದು ಶುರುಮಾಡುತ್ತೇವೆ. ಯೋಗದ ಬಗ್ಗೆ ನನಗೆ ಗೌರವವಿದೆ. ಆದರೆ ಎದುರಿಗಿರುವವನ ಮಾತು ಮುಗಿಯುವ ಮೊದಲೇ ಕೊಟ್ಟ ಸಲಹೆ, ‘ನಿನ್ನ ಮಾತು ನನಗೆ ಬೇಡ’ ಎಂದಂತೆಯೇ ಕೇಳಿಸುತ್ತದೆ. ‘ಇಷ್ಟಕ್ಕೆಲ್ಲ ಅಳ್ತಾರೇನೋ ಗಂಡಸಾಗಿ’ ಎಂಬ ಮಾತಂತೂ ಕೂಡದು.

ಎರಡನೆಯದು, ನೇರವಾಗಿ ಕೇಳುವ ಧೈರ್ಯ. ‘ಸಾಯಬೇಕು ಅಂತ ಅನ್ನಿಸ್ತಿದೆಯೇನೋ?’ ಎಂದು ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂದು ಓದಿದವರೂ ಹೆದರುತ್ತಾರೆ. ಈ ಹೆದರಿಕೆಗೆ ಆಧಾರವಿಲ್ಲ. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಒಳಗೇ ಹೊತ್ತು ತಿರುಗುತ್ತಿದ್ದವನಿಗೆ ಹೊರೆ ಇಳಿಸಲು ಒಂದು ಜಗುಲಿ ಸಿಗುತ್ತದೆ. ‘ಹೌದು’ ಎಂದರೆ ಅವನನ್ನು ಒಂಟಿಯಾಗಿ ಬಿಡಬಾರದು, ಅಪಾಯದ ವಸ್ತುಗಳನ್ನು ಅವನ ಕೈಗೆಟುಕದಂತೆ ಇಡಬೇಕು, ಹಿರಿಯರೊಬ್ಬರನ್ನು ಆಗಲೇ ಕರೆಯಬೇಕು. ಬೆಳಗಾಗಲಿ ಎಂದು ಕಾಯಬಾರದು.

ಮೂರನೆಯದು, ಯಾವುದು ತನ್ನ ಕೈಮೀರಿದ್ದು ಎಂಬ ತಿಳಿವಳಿಕೆ. ಬೇಸರ, ನಿರಾಸಕ್ತಿ, ಊಟ ನಿದ್ದೆಗಳ ಏರುಪೇರು ಎರಡು ವಾರ ಮೀರಿದರೆ ಅದು ಖಿನ್ನತೆಯ ಕಾಯಿಲೆ ಇರಬಹುದು. ಗೆಳೆಯನ ಮಾತು ಬೇಕು, ಜೊತೆಗೆ ವೈದ್ಯರೂ ಬೇಕು. ಒಬ್ಬನೇ ನಗುವುದು, ಯಾರೋ ತನ್ನ ಬಗ್ಗೆ ಸಂಚು ಮಾಡುತ್ತಿದ್ದಾರೆಂದು ಬಾಗಿಲು ಹಾಕಿಕೊಳ್ಳುವುದು, ಇಲ್ಲದ ದನಿಗೆ ಉತ್ತರ ಕೊಡುವುದು ಕಂಡರೆ ಅದು ‘ಲವ್ ಫೇಲ್ಯೂರ್’ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ತೀವ್ರ ಮಾನಸಿಕ ಕಾಯಿಲೆಗಳು ಮೊದಲು ಕಾಣಿಸಿಕೊಳ್ಳುವುದೇ ಹೆಚ್ಚಾಗಿ ಈ ವಯಸ್ಸಿನಲ್ಲಿ, ಮತ್ತು ಬೇಗ ಶುರುವಾದ ಚಿಕಿತ್ಸೆಗೆ ಫಲ ಹೆಚ್ಚು. ಇನ್ನೊಂದು ಮಾತನ್ನೂ ಸೇರಿಸಿಬಿಡುತ್ತೇನೆ: ಸದಾ ಸುಸ್ತು, ಓದಲು ಮನಸ್ಸಿಲ್ಲ ಎನ್ನುವ ಹುಡುಗಿಯ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಕೂಡ ನೋಡಿಸಿ. ಎಲ್ಲವೂ ಮನಸ್ಸಿನದೇ ಆಗಿರಬೇಕೆಂದಿಲ್ಲ.

ಕೆಡುವುದು ಎಲ್ಲಿ?

ಇಂಥ ಕಾರ್ಯಕ್ರಮವನ್ನು ಉದ್ಘಾಟನೆ, ಹಾರ, ಗುಂಪು ಫೋಟೋಗಳಲ್ಲಿ ಮುಗಿಸುವ ಕಾಲೇಜುಗಳಿವೆ. ಅದಾದರೂ ನಿರುಪದ್ರವಿ. ನಿಜವಾದ ಅಪಾಯ ಬೇರೆ ಕಡೆಯಿದೆ. ಸಹಾಯಕ್ಕೆಂದು ಆರಿಸಿದ ಹುಡುಗನನ್ನು ಕೆಲವರು ವಾರ್ಡನ್ನಿನ ಗೂಢಚಾರನನ್ನಾಗಿ ಮಾಡಿಬಿಡುತ್ತಾರೆ. ಯಾರು ಸಿಗರೇಟು ಸೇದಿದರು, ಯಾರು ಯಾರ ಜೊತೆ ಓಡಾಡಿದರು ಎಂಬ ವರದಿ ಅವನಿಂದ ಕೇಳಿದ ದಿನವೇ ಈ ವ್ಯವಸ್ಥೆ ಸತ್ತಿತೆಂದು ತಿಳಿಯಿರಿ. ಇದನ್ನು ಶಿಸ್ತು ಸಮಿತಿಯಿಂದ ಪೂರ್ತಿ ದೂರ ಇಡಬೇಕು.

ಆರಿಸುವುದರಲ್ಲೂ ಎಡವುತ್ತಾರೆ. ರ್‍ಯಾಂಕ್ ಬರುವವರನ್ನು, ವೇದಿಕೆಯಲ್ಲಿ ಚೆನ್ನಾಗಿ ಮಾತಾಡುವವರನ್ನು ಹಿಡಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹುಡುಗರನ್ನೇ ಕೇಳಬೇಕು: ‘ನಿನಗೆ ಕಷ್ಟ ಬಂದರೆ ಕ್ಲಾಸಿನಲ್ಲಿ ಯಾರಿಗೆ ಹೇಳ್ತೀಯ?’ ಚೀಟಿಯಲ್ಲಿ ಬರೆದು ಹಾಕಲಿ. ಬರುವ ಹೆಸರುಗಳು ಹಿಂದಿನ ಬೆಂಚಿನವು ಇರಬಹುದು, ಒಮ್ಮೆ ಫೇಲಾದವರವೂ ಇರಬಹುದು. ಅವರೇ ಸರಿಯಾದವರು. ಹುಡುಗಿಯರು, ಸರ್ಕಾರಿ ಹಾಸ್ಟೆಲಿನವರು, ಹೊರರಾಜ್ಯದವರು, ಬೇರೆ ಬೇರೆ ಜಾತಿ ಧರ್ಮದವರು ಇರುವಂತೆಯೂ ನೋಡಿಕೊಳ್ಳಬೇಕು. ಜಾತಿಯ ಕಾರಣಕ್ಕೇ ಅವಮಾನ ಉಂಡ ಹುಡುಗ ಅದನ್ನು ಯಾರ ಮುಂದೆ ಬೇಕಾದರೂ ಹೇಳಿಕೊಳ್ಳುವುದಿಲ್ಲ.

ಗುಟ್ಟಿನ ಪ್ರಶ್ನೆ ಬಹಳ ಸೂಕ್ಷ್ಮವಾದದ್ದು. ‘ಯಾರಿಗೂ ಹೇಳಲ್ಲ ಅಂತ ಆಣೆ ಇಡು’ ಎಂದು ಕೇಳಿದಾಗ ಇಡಕೂಡದು. ‘ನಿನ್ನ ವಿಷಯ ಊರಿಗೆಲ್ಲ ಹೇಳಲ್ಲ. ಆದರೆ ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಒಬ್ಬರಿಗಾದರೂ ಹೇಳೇ ಹೇಳ್ತೀನಿ, ನಿನಗೂ ತಿಳಿಸಿಯೇ ಹೇಳ್ತೀನಿ’ ಎಂದು ಮೊದಲೇ ಹೇಳಬೇಕು. ಹಾಗೆಂದರೆ ಮಾತೇ ಆಡುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಕೆಲವರು ಆಡುವುದಿಲ್ಲ. ಆದರೆ ಆಣೆ ಇಟ್ಟು ಸುಮ್ಮನಿದ್ದು, ಆಮೇಲೆ ಜೀವನವಿಡೀ ಅದನ್ನು ಹೊತ್ತು ತಿರುಗುವ ಶಿಕ್ಷೆಯನ್ನು ಇಪ್ಪತ್ತರ ಹುಡುಗನಿಗೆ ಕೊಡಬಾರದು.

ಕೇಳಿಸಿಕೊಳ್ಳುವವರೂ ಸೊರಗುತ್ತಾರೆ. ರೂಮ್‌ಮೇಟಿನ ಜೊತೆ ಇಡೀ ತಿಂಗಳು ರಾತ್ರಿ ಎರಡರವರೆಗೆ ಎಚ್ಚರವಿದ್ದು ಕೊನೆಗೆ ತಾನೇ ತಲೆಸುತ್ತಿ ಬಿದ್ದು ನನ್ನಲ್ಲಿಗೆ ಬಂದ ಹುಡುಗಿಯನ್ನು ಕಂಡಿದ್ದೇನೆ. ಅವಳಿಗೆ ಮೇಲಿನವರು ಯಾರೂ ಇರಲಿಲ್ಲ. ಆದ್ದರಿಂದ ವಾರಕ್ಕೊಮ್ಮೆಯಾದರೂ ಈ ವಿದ್ಯಾರ್ಥಿಗಳು ತಮ್ಮ ಭಾರ ಇಳಿಸಲು ಒಬ್ಬ ತರಬೇತಾದ ಕೌನ್ಸೆಲರ್ ಬೇಕೇ ಬೇಕು. ಕೌನ್ಸೆಲರನ್ನು ನೇಮಿಸುವ ಖರ್ಚು ಉಳಿಸಲು ಹುಡುಗರನ್ನು ದುಡಿಸಿಕೊಳ್ಳುವ ಆಡಳಿತ ಮಂಡಳಿಗೆ ನನ್ನ ಬೆಂಬಲವಿಲ್ಲ. ಸಹಪಾಠಿ ಮೊದಲ ಮೆಟ್ಟಿಲು. ಮೇಲೆ ಮೆಟ್ಟಿಲುಗಳೇ ಇಲ್ಲದಿದ್ದರೆ ಅವನು ಹತ್ತಿಸುವುದಾದರೂ ಎಲ್ಲಿಗೆ?

ಈಗ ನಿಮ್ಮ ಪಾಲಿನ ಮಾತು. ನಿಮ್ಮ ಮಗ ಇಂಥ ತರಬೇತಿಗೆ ಸೇರುತ್ತೇನೆಂದರೆ ‘ನಿನಗ್ಯಾಕೆ ಊರ ಉಸಾಬರಿ, ನಿನ್ನ ಓದು ನೋಡ್ಕೋ’ ಎನ್ನಬೇಡಿ. ನಾಳೆ ನಿಮ್ಮ ಮಗಳ ಗೆಳತಿ ಅಳುಕುತ್ತಲೇ ನಿಮಗೆ ಫೋನ್ ಮಾಡಿ ‘ಆಂಟಿ, ಅವಳು ಸರಿಯಾಗಿಲ್ಲ, ನೀವೊಮ್ಮೆ ಬನ್ನಿ’ ಎಂದರೆ ‘ನಮ್ಮ ಮಗಳ ವಿಷಯ ನಮಗೆ ಗೊತ್ತು’ ಎಂದು ಗದರಿ ಇಟ್ಟುಬಿಡಬೇಡಿ. ಆ ಮಗು ಗೆಳೆತನವನ್ನೇ ಪಣಕ್ಕಿಟ್ಟು ನಿಮಗೆ ಫೋನ್ ಮಾಡಿದೆ. ‘ತಿಳಿಸಿದ್ದು ಒಳ್ಳೇದಾಯ್ತಮ್ಮ, ಈಗಲೇ ಹೊರಡ್ತೀವಿ, ಅಲ್ಲೀವರೆಗೆ ಅವಳ ಜೊತೆಗಿರು’ ಎನ್ನಿ. ಹೋದ ಮೇಲೆ ಅಂಕಪಟ್ಟಿ ಕೇಳಬೇಡಿ. ಯಾರು ಹೇಳಿದರು ಎಂದು ಮಗಳೆದುರು ಆ ಹುಡುಗಿಯನ್ನು ಸಿಕ್ಕಿಸಲೂಬೇಡಿ.

ಪೊಲೀಸ್ ಕೇಸಿಗೆ ಹೆದರಿ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮೇ ಇಲ್ಲ. ಆಸ್ಪತ್ರೆಯವರು ನಿಯಮದಂತೆ ಎಂ.ಎಲ್.ಸಿ. ಬರೆದುಕೊಳ್ಳಬಹುದು, ಅದಕ್ಕೆ ಹೆದರಿ ಚಿಕಿತ್ಸೆ ತಡಮಾಡಬೇಡಿ.

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಸಂಕಟದಲ್ಲಿರುವವರೇ ಮಾಡಬೇಕೆಂದಿಲ್ಲ, ಏನು ಮಾಡಲಿ ಎಂದು ತೋಚದ ಗೆಳೆಯನೂ ಮಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗವಿರುತ್ತದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಮೊದಲೇ ವಿಚಾರಿಸಿಕೊಳ್ಳಿ. ಮೊದಲ ಸಲ ಮಗ ನಿಮ್ಮ ಜೊತೆ ಬರಲು ಒಪ್ಪದೆ, ಗೆಳೆಯನ ಜೊತೆಯಾದರೆ ಹೋಗುತ್ತೇನೆ ಎಂದರೆ ಹಾಗೇ ಆಗಲಿ. ಇಬ್ಬರಿಗೂ ಬಸ್ ಚಾರ್ಜು, ಊಟದ ಕಾಸು ಕೊಟ್ಟು ಕಳಿಸಿ. ಹೊರರೋಗಿಗಳ ಸಾಲು ಮಧ್ಯಾಹ್ನದವರೆಗೂ ಹಿಡಿಯುತ್ತದೆ.